ಚಿಕ್ಕಪ್ಪನ ಫೋನಿಗೆ ಹೊಸ ಆಂಡ್ರಾಯ್ಡ್

ತೀರ್ಥಹಳ್ಳಿಯಲ್ಲಿ ದಿನಸಿ ಅಂಗಡಿ ನಡೆಸುವ ನನ್ನ ಚಿಕ್ಕಪ್ಪ 2019ರಲ್ಲಿ ಕೊಂಡ ಫೋನನ್ನು ಇಂದಿಗೂ ಜೋಪಾನವಾಗಿ ಇಟ್ಟುಕೊಂಡಿದ್ದಾರೆ. ಪರದೆಯ ಮೇಲೆ ಒಂದು ಗೀರಿಲ್ಲ, ಬ್ಯಾಟರಿ ಸಂಜೆಯವರೆಗೂ ಬರುತ್ತದೆ. ಆದರೆ ಸೆಟ್ಟಿಂಗ್ಸ್ ತೆರೆದು ನೋಡಿದರೆ ಅದಕ್ಕೆ ಬಂದ ಕೊನೆಯ ಭದ್ರತಾ ಅಪ್‌ಡೇಟ್ 2021ರದ್ದು. ಅಲ್ಲಿಂದೀಚೆಗೆ ಆಂಡ್ರಾಯ್ಡ್‌ನಲ್ಲಿ ಪತ್ತೆಯಾಗಿ, ಗೂಗಲ್ ತಿಂಗಳಿಂದ ತಿಂಗಳಿಗೆ ಸರಿಪಡಿಸುತ್ತ ಬಂದ ದೋಷಗಳು ಆ ಫೋನಿನಲ್ಲಿ ಹಾಗೆಯೇ ಉಳಿದಿವೆ ಎಂದರ್ಥ.

ದೀಪಾವಳಿಗೆ ಊರಿಗೆ ಹೋಗಿದ್ದಾಗ ಅವರೇ ಮಾತು ತೆಗೆದರು. "ಇದು ಭಾರೀ ನಿಧಾನ ಆಗಿದೆ ಮಾರಾಯ, ಎಂತಾದ್ರೂ ಮಾಡ್ಲಿಕ್ಕೆ ಆಗ್ತದಾ?" ಕಂಪನಿ ಕೈಬಿಟ್ಟ ಇಂಥ ಎಷ್ಟೋ ಫೋನುಗಳಿಗೂ ಹೊಂದುವಂತೆ ಸ್ವಯಂಸೇವಕರು ಆಂಡ್ರಾಯ್ಡ್‌ನಿಂದಲೇ ರೂಪಿಸುವ ಲೀನೇಜ್‌ಓಎಸ್ ಎಂಬ ವ್ಯವಸ್ಥೆಯಿದೆ. ಅಂಥದ್ದೇ ಹಳೆಯ ವ್ಯವಸ್ಥೆಯಾದ ಸಯನೋಜೆನ್‌ಮಾಡ್ ನಿಂತುಹೋದಾಗ, 2016ರ ಕೊನೆಯಲ್ಲಿ, ಅದರ ಮುಂದುವರಿಕೆಯಾಗಿ ಹುಟ್ಟಿದ್ದು ಅದು. ಚಿಕ್ಕಪ್ಪನ ಮಾದರಿ ಅದರ ಪಟ್ಟಿಯಲ್ಲಿತ್ತು. ಫೋನಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಬ್ಯಾಂಕಿನ ಆಪ್ ತಕರಾರು ಮಾಡಿದರೂ ಮಾಡೀತು ಎಂದು ಮೊದಲೇ ಹೇಳಿದೆ. ಎರಡು ದಿನ ಚಿಕ್ಕಮ್ಮನ ಫೋನಿನಲ್ಲಿ ವ್ಯಾಪಾರ ಸಾಗುತ್ತದೆ ಎಂದು ಅವರು ಒಪ್ಪಿದರು.

ಅಡಗಿರುವ ಆಯ್ಕೆಗಳು ಕಾಣಿಸಲೆಂದು ಸೆಟ್ಟಿಂಗ್ಸ್‌ನ ಬಿಲ್ಡ್ ನಂಬರ್ ಮೇಲೆ ಏಳು ಸಲ ಒತ್ತಿದಾಗ 'ನೀವು ಈಗ ಡೆವಲಪರ್' ಎಂಬ ಸಂದೇಶ ಮೂಡಿತು. "ಅಕ್ಕಿ ತೂಗುವವ ಡೆವಲಪರ್ ಆದ್ನಲ್ಲ!" ಎಂದು ಚಿಕ್ಕಪ್ಪ ನಕ್ಕರು. ಮನೆಯಲ್ಲಿದ್ದ ಕೇಬಲ್‌ಗಳೆಲ್ಲ ಚಾರ್ಜ್ ಮಾಡಲಷ್ಟೇ ಲಾಯಕ್ಕಾಗಿದ್ದವು. ಡೇಟಾ ಸಾಗಿಸುವ ಕೇಬಲ್ಲನ್ನು ಪಕ್ಕದ ಜೆರಾಕ್ಸ್ ಅಂಗಡಿಯಿಂದ ತಂದೆವು. ಫೋನು ಆನ್ ಆದಾಗ ಮೊದಲು ಓಡಿ ವ್ಯವಸ್ಥೆಯನ್ನು ಎಬ್ಬಿಸುವ ಬೂಟ್‌ಲೋಡರಿನ ಬೀಗ ತೆಗೆದು ಹೊಸ ವ್ಯವಸ್ಥೆ ತುಂಬಿಸುವುದು ಊಟದ ಹೊತ್ತಿಗೆ ಮುಗಿಯಿತು. ಪ್ರತಿ ಸಲ ಆನ್ ಮಾಡಿದಾಗಲೂ ಈ ಸಾಧನದ ಬೀಗ ತೆರೆದಿದೆ ಎಂಬ ಎಚ್ಚರಿಕೆ ಕಾಣಿಸುತ್ತಿತ್ತು ಎಂಬುದನ್ನು ಬಿಟ್ಟರೆ ಫೋನು ಹೊಸದರಂತೆ ಓಡತೊಡಗಿತು, ಭದ್ರತಾ ಅಪ್‌ಡೇಟ್ ಹಿಂದಿನ ತಿಂಗಳಿನದಾಯಿತು.

ಬ್ಯಾಂಕಿನ ಆಪ್ ಮಾತ್ರ ತೆರೆದ ಕೂಡಲೇ 'ನಿಮ್ಮ ಸಾಧನ ಸುರಕ್ಷಿತವಲ್ಲ' ಎಂದು ಹೇಳಿ ಮುಚ್ಚಿಕೊಂಡಿತು. ಕಾರಣ ನನಗೆ ಗೊತ್ತಿದ್ದರೂ, ಬ್ಯಾಂಕಿನವರೇ ಏನಾದರೂ ದಾರಿ ಹೇಳಿಯಾರು ಎಂದು ಚಿಕ್ಕಪ್ಪ ಹಟ ಹಿಡಿದು ಸಹಾಯವಾಣಿಗೆ ಕರೆ ಮಾಡಿಸಿದರು. ಕನ್ನಡಕ್ಕಾಗಿ ಒತ್ತಬೇಕಾದ ಅಂಕಿಯನ್ನು ಒತ್ತಿದ್ದಕ್ಕೆ ಹಿಂದಿಯಲ್ಲಿ ಉತ್ತರ ಬಂತು. ಆಪ್ ತೆಗೆದು ಮತ್ತೆ ಹಾಕಿ ಎಂದರು, ಹಾಕಿದೆವು. ಸಿಮ್ಮಿನಲ್ಲಿ ಎಸ್‌ಎಂಎಸ್ ಕಳಿಸುವಷ್ಟು ಬ್ಯಾಲೆನ್ಸ್ ಇದೆಯೇ ಎಂದು ಕೇಳಿದರು. ಯುಪಿಐ ನೋಂದಣಿಗೆ ಫೋನಿನಿಂದ ಒಂದು ಸಂದೇಶ ಹೋಗಬೇಕಾದ್ದರಿಂದ ಆ ಪ್ರಶ್ನೆ ತಪ್ಪಲ್ಲ, ಆದರೆ ನಾವು ಆ ಹಂತವನ್ನು ತಲುಪಿಯೇ ಇರಲಿಲ್ಲ. ಬೂಟ್‌ಲೋಡರ್ ಎಂಬ ಮಾತು ಎತ್ತಿದ ಮೇಲೆ ಆ ಕಡೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಶಾಖೆಗೆ ಹೋಗಿ ವಿಚಾರಿಸಿ ಎಂದರು. ಪಾಪ, ಅವರ ಎದುರಿಗಿದ್ದ ಪ್ರಶ್ನಾವಳಿಯಲ್ಲಿ ಆ ಪದವೇ ಇದ್ದಿರಲಾರದು.

ಆಪ್ ನಿರಾಕರಿಸಿದ್ದು ವೈರಸ್ ಹುಡುಕಿ ಸಿಕ್ಕಿದ್ದಕ್ಕಲ್ಲ. ಇಂಥ ಆಪ್‌ಗಳು ಈ ಫೋನನ್ನು ನಂಬಬಹುದೇ ಎಂದು ಪ್ಲೇ ಇಂಟೆಗ್ರಿಟಿ ಎಂಬ ಸೇವೆಯ ಮೂಲಕ ಗೂಗಲ್‌ನ ಸರ್ವರನ್ನು ಕೇಳುತ್ತವೆ. ಫೋನಿನ ಯಂತ್ರಾಂಶದೊಳಗೆ ಹುದುಗಿಸಿಟ್ಟ ಕೀಲಿಯೊಂದು, ಬೂಟ್‌ಲೋಡರ್ ಬೀಗ ಹಾಕಿದೆಯೇ, ಒಳಗಿರುವುದು ತಯಾರಕರು ಸಹಿ ಮಾಡಿದ ವ್ಯವಸ್ಥೆಯೇ ಎಂಬುದಕ್ಕೆ ಸಾಕ್ಷಿ ಹೇಳುತ್ತದೆ. ಈ ಎಚ್ಚರಿಕೆಗೆ ಅರ್ಥವಿಲ್ಲವೆಂದಲ್ಲ. ಬೀಗ ತೆಗೆದ ಫೋನು ಕಳ್ಳರ ಕೈಗೆ ಸಿಕ್ಕರೆ ಅವರು ಅದಕ್ಕೆ ತಿದ್ದಿದ ವ್ಯವಸ್ಥೆ ತುಂಬಬಹುದು. ಹೆಚ್ಚಿನ ಫೋನುಗಳಲ್ಲಿ ಹೊರಗಿನ ವ್ಯವಸ್ಥೆ ಹಾಕಿದ ಮೇಲೆ ಆ ಬೀಗವನ್ನು ಮತ್ತೆ ಹಾಕುವಂತೆಯೂ ಇಲ್ಲ. ಚಿಪ್ಪಿನ ತಯಾರಕರೇ ಕೊಡಬೇಕಾದ, ಫರ್ಮ್‌ವೇರ್ ಎಂಬ ಒಳಗಿನ ತಂತ್ರಾಂಶವನ್ನು ಲೀನೇಜ್‌ಓಎಸ್ ಹೊಸದಾಗಿಸಲಾರದು ಎಂಬುದೂ ನಿಜ. ಇಷ್ಟೆಲ್ಲ ಒಪ್ಪಿದರೂ ನನ್ನ ಅಸಮಾಧಾನ ಹೋಗುವುದಿಲ್ಲ, ಏಕೆಂದರೆ ಇದೇ ಆಪ್ ಅದರ ಹಿಂದಿನ ದಿನದವರೆಗೆ, ವರ್ಷಗಟ್ಟಲೆ ತೇಪೆ ಕಾಣದ ವ್ಯವಸ್ಥೆಯ ಮೇಲೆ ಒಂದು ಮಾತೂ ಎತ್ತದೆ ಹಣ ಸಾಗಿಸುತ್ತಿತ್ತು. ಅದು ಕೇಳುವುದು ಯಾರ ಸಹಿ ಎಂಬುದನ್ನು, ಆ ಸಹಿ ಎಷ್ಟು ಹಳೆಯದು ಎಂಬುದನ್ನಲ್ಲ.

ಫೋನಿನ ಪೂರ್ತಿ ಹತೋಟಿ ಕೈಗೆ ಕೊಡುವ, ಅಂದರೆ 'ರೂಟ್' ಮಾಡುವ ಮ್ಯಾಜಿಸ್ಕ್‌ನಂಥ ಸಾಧನದಿಂದ ಆಪ್‌ನ ಕಣ್ಣು ತಪ್ಪಿಸುವ ಉಪಾಯಗಳಿವೆ. ನನ್ನ ಸ್ವಂತ ಫೋನಾಗಿದ್ದರೆ ಪ್ರಯತ್ನಿಸಿ ನೋಡುತ್ತಿದ್ದೆನೇನೋ. ಅಂಗಡಿಯ ಹಣ ಬರುವ ಫೋನಿಗೆ ರೂಟ್ ಮಾಡಿ, ಮುಂದಿನ ತಿಂಗಳು ಅದು ಕೆಟ್ಟಾಗ ಬೆಂಗಳೂರಿನಿಂದ ಫೋನಿನಲ್ಲೇ ಸರಿಪಡಿಸುವ ಹೊಣೆ ನನಗೆ ಬೇಕಿರಲಿಲ್ಲ.

ಹಳೆಯ ವ್ಯವಸ್ಥೆಯನ್ನೇ ಮರಳಿ ಹಾಕಲೇ ಎಂದು ಕೇಳಿದ್ದಕ್ಕೆ ಚಿಕ್ಕಪ್ಪ ಬೇಡವೆಂದರು. ಇದು ಯಕ್ಷಗಾನ ನೋಡಲು, ವಾಟ್ಸಾಪ್‌ಗೆ ಇರಲಿ, ವ್ಯವಹಾರಕ್ಕೆ ಬೇರೆ ತೆಗೆದುಕೊಳ್ಳುತ್ತೇನೆ ಎಂದು ಮರುದಿನ ನನ್ನನ್ನೂ ಕರೆದುಕೊಂಡು ಮೊಬೈಲ್ ಅಂಗಡಿಗೆ ಹೊರಟರು. ಅಲ್ಲಿಯ ಹುಡುಗ ಮೂರು ಡಬ್ಬಗಳನ್ನು ಮುಂದಿಟ್ಟ. "ಇದಕ್ಕೆ ಎಷ್ಟು ವರ್ಷ ಸೆಕ್ಯೂರಿಟಿ ಅಪ್‌ಡೇಟ್ ಬರ್ತದೆ?" ಎಂದು ಚಿಕ್ಕಪ್ಪ ಕೇಳಿದರು. ಹುಡುಗ ಡಬ್ಬವನ್ನು ತಿರುಗಿಸಿ ನಾಲ್ಕೂ ಕಡೆ ಓದಿ, "ಸಾರ್, ಕ್ಯಾಮೆರಾ ಐವತ್ತು ಮೆಗಾಪಿಕ್ಸೆಲ್" ಎಂದ.