ಕಲ್ಲಿನಡಿಯ ಹುಳ, ಮೊಮ್ಮಗಳ ಮೊದಲ ಮೀನು

ಮೇ 12, 2024, ಭಾನುವಾರ

ಬೆಳಿಗ್ಗೆ ಮೊಮ್ಮಕ್ಕಳಿಬ್ಬರನ್ನೂ ಕರೆದುಕೊಂಡು ಹಳ್ಳಕ್ಕೆ ಫ್ಲೈ ಫಿಶಿಂಗ್‌ಗೆ ಹೋಗಿದ್ದೆ. ಅಂದರೆ ಲೈನಿನ ತುದಿಗೆ ನಕಲಿ ಹುಳ ಕಟ್ಟಿ, ಬೀಸಿ ಮೀನು ಹಿಡಿಯುವುದು. ದೊಡ್ಡವನಿಗೆ 11 ವರ್ಷ, ಚಿಕ್ಕವಳಿಗೆ 8. ಪುಟ್ಟ ಹಳ್ಳ ಅದು, ದೊಡ್ಡವನು ಓಡಿ ಬಂದು ಜಿಗಿದರೆ ಆಚೆ ದಡ. ಎರಡೂ ಕಡೆ ಗಿಡಗಂಟಿ, ತಲೆ ಮೇಲೆ ಕೊಂಬೆಗಳು. ಅದಕ್ಕೇ 7 ಅಡಿಯ ಗಿಡ್ಡ ರಾಡು, 3 ನಂಬರಿನ ಹಗುರ ಲೈನು.

ಗಾಳದ ತುದಿಯಲ್ಲಿರುವ ಪುಟ್ಟ ಮುಳ್ಳನ್ನು ರಾತ್ರಿಯೇ ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿಟ್ಟಿದ್ದೆ. ಮೀನಿನ ಬಾಯಿಂದಲೂ ಬೇಗ ಬಿಡಿಸಬಹುದು, ಮಗುವಿನ ಬೆರಳಿಂದಲೂ. ಇಬ್ಬರಿಗೂ ಟೋಪಿ, ಕನ್ನಡಕ. ಇಷ್ಟಿಲ್ಲದೆ ನಾನು ಮಕ್ಕಳ ಕೈಗೆ ರಾಡು ಕೊಡುವುದೇ ಇಲ್ಲ.

ದೊಡ್ಡವನು ನೇರವಾಗಿ ದಡದ ಮೇಲೆ ಹೋಗಿ ನಿಂತ. ನೆರಳು ನೀರಿಗೆ ಬಿತ್ತು. ಎರಡು ಟ್ರೌಟ್ ಮೀನು ಸರಕ್ಕನೆ ಬಂಡೆ ಕೆಳಗೆ ಮಾಯ. ಮೀನು ಹರಿವಿಗೆ ಎದುರಾಗಿ ಮುಖ ಮಾಡಿ ನಿಂತಿರುತ್ತದೆ, ತೇಲಿ ಬರುವ ಹುಳಕ್ಕೆ ಕಾಯುತ್ತಾ. ಹಾಗಾಗಿ ಕೆಳಗಿನಿಂದ, ಅದರ ಬೆನ್ನ ಹಿಂದಿನಿಂದ, ಬಗ್ಗಿಕೊಂಡು ಹೋಗಬೇಕು. ಹೇಳಿದೆ. ಅವನ ತಲೆಯಲ್ಲಿ ಲೈನು ಬೀಸುವುದೊಂದೇ ಇತ್ತು. ಎರಡು ಸಲ ಲೈನು ಕೊಂಬೆಗೆ ಸಿಕ್ಕಿಕೊಂಡಿತು. ಮುಖ ಊದಿಸಿಕೊಂಡು ಕೂತುಬಿಟ್ಟ.

ಚಿಕ್ಕವಳು ಅಷ್ಟೊತ್ತಿಗೆ ಪಾದ ಮುಳುಗುವಷ್ಟು ನೀರಲ್ಲಿ ಕುಕ್ಕರಗಾಲಲ್ಲಿ ಕೂತು ಕಲ್ಲು ಮಗುಚುತ್ತಿದ್ದಳು.

"ತಾತಾ, ಈ ಕಡ್ಡಿ ನಡೀತಾ ಇದೆ!"

ಅವಳ ಅಂಗೈ ಮೇಲೆ ಒಂದು ಇಂಚೂ ಇಲ್ಲದ ಕೊಳವೆ. ಮರಳ ಕಾಳು, ಕಡ್ಡಿ ಚೂರು ಎಲ್ಲಾ ಅಂಟಿಕೊಂಡಿದ್ದವು. ಒಂದು ಕಡೆಯಿಂದ ಕಪ್ಪು ತಲೆ, ಆರು ಕಾಲು ಮೆಲ್ಲಗೆ ಹೊರಗೆ ಬಂದವು. ಕ್ಯಾಡಿಸ್ ಮರಿ. ತನ್ನ ಬಾಯಿಯ ರೇಷ್ಮೆ ನೂಲಿಂದಲೇ ಮನೆ ಕಟ್ಟಿಕೊಳ್ಳುವ ಹುಳ. ಇನ್ನೊಂದು ಕಲ್ಲಿನಡಿ ಮೇಫ್ಲೈ ಅನ್ನುವ ಇನ್ನೊಂದು ಹುಳದ ಮೂರು ಬಾಲದ ಮರಿ ಸಿಕ್ಕಿತು. ನಾನೂ ಮಂಡಿಯೂರಿ ಕೂತೆ. ಎಷ್ಟು ಹೊತ್ತು ಕೂತೆವೋ ಗೊತ್ತಿಲ್ಲ.

"ದೊಡ್ಡದಾದ ಮೇಲೆ ಈ ಕಡ್ಡಿ ಹುಳ ಏನಾಗತ್ತೆ?" ಅಂದಳು. ಡಬ್ಬಿ ತೆಗೆದು ಎಲ್ಕ್ ಹೇರ್ ಕ್ಯಾಡಿಸ್ ತೋರಿಸಿದೆ. ರೆಕ್ಕೆಯನ್ನು ಗುಡಾರದ ಹಾಗೆ ಬೆನ್ನ ಮೇಲೆ ಮಡಚಿಕೊಂಡ ಹುಳದ ನಕಲು.

"ಹಾಗಾದ್ರೆ ಇದನ್ನೇ ಕಟ್ಟೋಣ, ಅಲ್ವಾ?"

ಕಟ್ಟಿದೆವು. ಬೀಸಲು ಜಾಗ ಇರಲಿಲ್ಲ. ಗಾಳದ ಬಾಗಿದ ಕಡೆ ಎರಡೇ ಬೆರಳಲ್ಲಿ ಹಿಡಿದು, ಬಿಲ್ಲಿಗೆ ಬಾಣ ಹೂಡಿದ ಹಾಗೆ ಹಿಂದಕ್ಕೆಳೆದು ಬಿಡಬೇಕು. ಮೂರನೇ ಸಲಕ್ಕೆ ಹುಳ ಬಂಡೆ ಪಕ್ಕಕ್ಕೇ ಬಿತ್ತು. ಒಂದು ಗೇಣು ತೇಲಿರಬಹುದು. ಗುಳಕ್!

ನನ್ನ ಅಂಗೈಯಷ್ಟು ಉದ್ದದ ಬ್ರೂಕ್ ಟ್ರೌಟ್. ಪಕ್ಕೆಯಲ್ಲಿ ಕೆಂಪು ಚುಕ್ಕೆ, ಒಂದೊಂದು ಚುಕ್ಕೆಗೂ ತಿಳಿನೀಲಿ ಬಳೆ. ಮುಟ್ಟುವ ಮುಂಚೆ ಕೈ ಒದ್ದೆ ಮಾಡಿಕೊಳ್ಳಲು ಹೇಳಿದೆ, ಒಣ ಕೈಗೆ ಅದರ ಮೈ ಮೇಲಿನ ಲೋಳೆ ಕಿತ್ತು ಬರುತ್ತದೆ. ನೀರಲ್ಲೇ ಹಿಡಿದಿದ್ದಳು. ಒಂದು ಸಲ ಬಾಲ ಬಡಿದು ಹೊರಟುಹೋಯಿತು. ಅವಳು ಖಾಲಿ ಕೈಯನ್ನೇ ನೋಡುತ್ತಾ ಕೂತಿದ್ದಳು.

ಇವತ್ತು ತಪ್ಪಿದ್ದು ನಾನೇ. ದೊಡ್ಡವನಿಗೆ ಮೊದಲು ರಾಡು ಕೊಟ್ಟೆ, ಆಮೇಲೆ ನೀರು ತೋರಿಸಲು ಹೋದೆ. ಮುಂದಿನ ಸಲ ಮೊದಲ ಒಂದು ಗಂಟೆ ರಾಡು ಚೀಲದಲ್ಲೇ ಇರಲಿ.

ಮಧ್ಯಾಹ್ನಕ್ಕೆ ನೀರಲ್ಲಿ ಅದ್ದಿದ ಥರ್ಮಾಮೀಟರ್ 19 ಡಿಗ್ರಿ ತೋರಿಸಿತು. 20 ದಾಟಿದರೆ ಹಿಡಿದು ಬಿಟ್ಟ ಟ್ರೌಟ್ ಉಳಿಯುವುದು ಕಷ್ಟ. ಲೈನು ಸುತ್ತಿದೆ. ತಿರುಗಿ ನೋಡಿದರೆ ದೊಡ್ಡವನು ಪ್ಯಾಂಟು ಮಡಚಿಕೊಂಡು ನೀರಿಗಿಳಿದಿದ್ದಾನೆ.

"ಯಾವ ಕಲ್ಲಿನಡಿ ಸಿಕ್ತೇ ನಿಂಗೆ? ತೋರ್ಸು."