ಲೂಸಿಯಿಂದ ಯಾರೂ ಬರೆಸಲಿಲ್ಲ

14 ಜೂನ್ 2023, ಬುಧವಾರ
ಮೈಸೂರು

ಕಾದಂಬರಿಯ ಎರಡನೇ ಭಾಗ ನಿಂತಲ್ಲೇ ನಿಂತಿತ್ತು. ಇವತ್ತು ದಾರಿ ಸಿಕ್ಕಿತು. ಮರೆಯುವ ಮುಂಚೆ ಎಲ್ಲವನ್ನೂ ಬರೆದಿಡುತ್ತೇನೆ.

ಹೊಸದಾಗಿ ಓದುವವರಿಗೆ ಒಂದು ಮಾತು. ವಿಲ್ಕಿ ಕಾಲಿನ್ಸ್ ಅವರ ‘ದಿ ಮೂನ್‌ಸ್ಟೋನ್’ ಕಾದಂಬರಿಯಲ್ಲಿ ಬಂದು ಹೋಗುವ ಒಂದು ಸಣ್ಣ ಪಾತ್ರ ಇದೆ. ನಾನು ಬರೆಯುತ್ತಿರುವುದು ಆ ಪಾತ್ರದ ಪ್ರೇಮಕಥೆ. ಮೂಲ ಕಾದಂಬರಿ 1868ರಲ್ಲಿ ಡಿಕನ್ಸ್ ಅವರ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಅದು ಶುರುವಾಗುವುದು ನಮ್ಮ ಶ್ರೀರಂಗಪಟ್ಟಣದಲ್ಲಿ, 1799ರ ಮೇ ತಿಂಗಳಲ್ಲಿ ಕೋಟೆ ಬಿದ್ದ ದಿನ. ಒಬ್ಬ ಇಂಗ್ಲಿಷ್ ಸೇನಾಧಿಕಾರಿ ಅಲ್ಲಿ ಕೊಲೆ ಮಾಡಿ ವಜ್ರ ದೋಚುತ್ತಾನೆ. ಆ ವಜ್ರ ಮುಂದೆ ಯಾರ್ಕ್‌ಷೈರಿನ ಒಂದು ದೊಡ್ಡ ಮನೆ ಸೇರುತ್ತದೆ. 1848ರ ಜೂನ್‌ನಲ್ಲಿ ಅಲ್ಲಿಂದಲೂ ಕಾಣೆಯಾಗುತ್ತದೆ. ಮೈಸೂರಿನವಳಾದ ನಾನು ಈ ಪುಸ್ತಕ ಹಿಡಿದದ್ದೇ ಶ್ರೀರಂಗಪಟ್ಟಣದ ಆಸೆಗೆ. ಓದಿ ಮುಗಿಸಿದಾಗ ಮನಸ್ಸಲ್ಲಿ ಉಳಿದವಳು ಮಾತ್ರ ಲೂಸಿ ಯೊಲಾಂಡ್.

ಲೂಸಿ ಬೆಸ್ತರ ಮಗಳು. ಒಂದು ಕಾಲು ಊನ, ಊರುಗೋಲು ಹಿಡಿದು ನಡೆಯುತ್ತಾಳೆ. ಊರೆಲ್ಲ ಅವಳನ್ನು ಕರೆಯುವುದು ಆ ಕುಂಟಿನ ಹೆಸರಿನಿಂದಲೇ. ಅವಳಿಗೆ ಒಬ್ಬಳೇ ಗೆಳತಿ, ದೊಡ್ಡ ಮನೆಯ ಕೆಲಸದ ಹುಡುಗಿ ರೊಸಾನಾ. ರೊಸಾನಾ ಹಿಂದೆ ಕಳ್ಳತನ ಮಾಡಿ ಜೈಲು ಕಂಡವಳು. ಮನೆಗೆ ಬಂದ ಶ್ರೀಮಂತ ಹುಡುಗ ಫ್ರಾಂಕ್ಲಿನ್ ಬ್ಲೇಕ್ ಮೇಲೆ ಅವಳಿಗೆ ಪ್ರೀತಿ. ಅವನ ಕಣ್ಣಿಗೆ ಅವಳು ಬೀಳುವುದೇ ಇಲ್ಲ. ಕೊನೆಗೆ ಕಡಲತೀರದಲ್ಲಿ, ಕಾಲಿಟ್ಟವರನ್ನು ಒಳಗೆಳೆಯುವ ಮರಳಿನಲ್ಲಿ ಅವಳು ಪ್ರಾಣ ಬಿಡುತ್ತಾಳೆ. ಬ್ಲೇಕ್‌ಗೆಂದು ಬರೆದ ಕಾಗದವನ್ನು ಲೂಸಿಯ ಕೈಗೆ ಸೇರಿಸಿ ಹೋಗುತ್ತಾಳೆ.

ಆಮೇಲೆ ಲೂಸಿ ಬಂದು ಮನೆಯ ಮೇಲ್ವಿಚಾರಕ ಬೆಟರೆಡ್ಜ್ ಎದುರು ನಿಲ್ಲುವ ದೃಶ್ಯ ಇದೆ. ಇಡೀ ಪುಸ್ತಕದಲ್ಲಿ ನನ್ನನ್ನು ಇಷ್ಟು ಅಲುಗಾಡಿಸಿದ ಪುಟ ಇನ್ನೊಂದಿಲ್ಲ. ನಾನು ಸ್ವಲ್ಪ ದುಡ್ಡು ಕೂಡಿಟ್ಟಿದ್ದೆ, ಅಪ್ಪ ಅಮ್ಮನನ್ನು ಒಪ್ಪಿಸಿದ್ದೆ, ಅವಳನ್ನು ಲಂಡನ್ನಿಗೆ ಕರೆದುಕೊಂಡು ಹೋಗುವವಳಿದ್ದೆ ಅನ್ನುತ್ತಾಳೆ. ಒಂದು ಸಣ್ಣ ಕೋಣೆ ಹಿಡಿದು ಅಕ್ಕತಂಗಿಯರ ಹಾಗೆ ಇಬ್ಬರೂ ಹೊಲಿಗೆ ಮಾಡಿ ಬದುಕುತ್ತಿದ್ದೆವು ಅನ್ನುತ್ತಾಳೆ. ಬಡವರು ಶ್ರೀಮಂತರ ವಿರುದ್ಧ ಎದ್ದು ನಿಲ್ಲುವ ದಿನ ದೂರ ಇಲ್ಲ ಅಂತಲೂ ಹೇಳುತ್ತಾಳೆ. ಈ ಮಾತು ಸುಮ್ನೆ ಬಂದದ್ದಲ್ಲ. 1848 ಅಂದರೆ ಚಾರ್ಟಿಸ್ಟರ ವರ್ಷ. ಏಪ್ರಿಲ್ 10ರಂದು ಲಂಡನ್ನಿನ ಕೆನಿಂಗ್ಟನ್ ಕಾಮನ್‌ನಲ್ಲಿ ಮತದ ಹಕ್ಕು ಕೇಳಿ ಕೂಲಿಕಾರರು ಸೇರಿದ್ದರು. ಮೇ ಕೊನೆಯಲ್ಲಿ ಯಾರ್ಕ್‌ಷೈರಿನದೇ ಊರಾದ ಬ್ರಾಡ್‌ಫರ್ಡ್‌ನಲ್ಲಿ ಪೊಲೀಸರಿಗೂ ಉಣ್ಣೆ ಕೆಲಸದವರಿಗೂ ಬೀದಿಯಲ್ಲೇ ಹೊಡೆದಾಟ ಆಯಿತು. ಕಡಲತೀರದ ಹುಡುಗಿಯ ಕಿವಿಗೂ ಆ ಸುದ್ದಿ ಬಿದ್ದಿರಬೇಕು, ಅಲ್ವಾ?

ಬೆಟರೆಡ್ಜ್ ಒಳ್ಳೆಯ ಮುದುಕ. ನನಗೆ ಅವನೆಂದರೆ ಇಷ್ಟ. ಆದರೆ ಲೂಸಿಯನ್ನು ಓದುಗರಿಗೆ ಪರಿಚಯಿಸುವಾಗ ಅವನು ಪಟ್ಟಿ ಹಾಕುತ್ತಾನೆ. ಕಪ್ಪು ಮೈಬಣ್ಣದ ಚುರುಕು ಮುಖ, ತಿಳಿಯಾದ ದನಿ, ಚೆಂದದ ಕೂದಲು, ಇವು ಒಂದು ಕಡೆ. ಸಣಕಲು ಮೈ, ಊರುಗೋಲು, ಸಿಟ್ಟು, ಇವು ಇನ್ನೊಂದು ಕಡೆ. ಅವಳ ಎದೆಯಲ್ಲಿ ಏನಿತ್ತು ಅನ್ನುವುದಕ್ಕೆ ಆ ಪಟ್ಟಿಯಲ್ಲಿ ಜಾಗ ಇಲ್ಲ.

ಈ ಕಾದಂಬರಿ ಕಟ್ಟಿರುವ ರೀತಿಯೂ ವಿಶೇಷ. ಕಳುವಿನ ಬಗ್ಗೆ ಯಾರಿಗೆ ಏನು ಗೊತ್ತೋ ಅದನ್ನು ಅವರವರ ಕೈಯಲ್ಲೇ ಬರೆಸಿ ಒಟ್ಟು ಸೇರಿಸಿದ ಹೇಳಿಕೆಗಳ ಕಂತೆ ಅದು. ಮೇಲ್ವಿಚಾರಕ ಬರೆಯುತ್ತಾನೆ, ವಕೀಲ ಬ್ರಫ್ ಬರೆಯುತ್ತಾನೆ, ದೂರದ ಸಂಬಂಧಿ ಮಿಸ್ ಕ್ಲ್ಯಾಕ್ ಬರೆಯುತ್ತಾಳೆ, ಡಾಕ್ಟರ ಸಹಾಯಕ ಎಜ್ರಾ ಜೆನಿಂಗ್ಸ್ ದಿನಚರಿ ಸೇರುತ್ತದೆ. (ಎಜ್ರಾನ ಪ್ರೇಮಕಥೆಯನ್ನೂ ಯಾರಾದರೂ ಬರೆಯಬೇಕು. ಅವನಷ್ಟು ಒಂಟಿ ಮನುಷ್ಯ ಆ ಪುಸ್ತಕದಲ್ಲಿ ಬೇರೆ ಇಲ್ಲ.) ಸತ್ತ ರೊಸಾನಾ ಕೂಡ ಕಾಗದದ ಮೂಲಕ ಮಾತಾಡುತ್ತಾಳೆ. ಆ ಕಾಗದವನ್ನು ಸುಮಾರು ಒಂದು ವರ್ಷ ಜೋಪಾನ ಮಾಡಿದವಳು ಲೂಸಿ. ತನ್ನ ವಿದ್ಯೆ ಚೆನ್ನಾಗಿದೆ, ಅಕ್ಷರ ಚೆನ್ನಾಗಿದೆ ಅಂತ ಅವಳ ಬಾಯಿಂದಲೇ ಬರುತ್ತದೆ. ಆದರೂ ಹೇಳಿಕೆ ಬರೆದು ಕೊಡು ಅಂತ ಅವಳನ್ನು ಒಬ್ಬರೂ ಕೇಳಲಿಲ್ಲ.

ನನ್ನ ಕಾದಂಬರಿ ಹುಟ್ಟಿದ್ದು ಈ ಒಂದು ಕಡೆಯಿಂದ. ಅದು ಲೂಸಿಯ ಹೇಳಿಕೆ.

ಹಾಗಾದರೆ ತೊಡಕು ಏನಿತ್ತು? ತಂಗಿ ಮೊದಲ ಭಾಗ ಓದಿ ಫೋನ್ ಮಾಡಿದ್ದಳು. “ಅಕ್ಕಾ, ರೊಸಾನಾನ ಬದುಕಿಸಿಬಿಡೇ. ಹೆಣ ಸಿಗಲೇ ಇಲ್ಲ ಅಂತ ಮೂಲದಲ್ಲೇ ಇದೆಯಲ್ಲ. ಇಬ್ಬರೂ ಲಂಡನ್ನಿಗೆ ಓಡಿಹೋಗಲಿ. ಪ್ರೇಮಕಥೆ ಅಂದಮೇಲೆ ಕೊನೆಗೆ ಸುಖ ಬೇಡವಾ?” ಎಂದಳು. ಮಾತು ನಿಜ. ಆ ಮರಳು ತಗೊಂಡದ್ದನ್ನು ವಾಪಸ್ ಕೊಡುವುದಿಲ್ಲ. ಬಂಡೆಯ ಕಡೆ ಹೋದ ಹೆಜ್ಜೆ ಗುರುತು, ಬೆಟರೆಡ್ಜ್‌ಗೆ ಬರೆದಿಟ್ಟ ಒಂದು ಚೀಟಿ, ಇಷ್ಟು ಬಿಟ್ಟರೆ ಬೇರೆ ಸಾಕ್ಷಿ ಇಲ್ಲ. ನನ್ನಂಥ ಬರಹಗಾರರಿಗೆ ಅದು ತೆರೆದೇ ಇಟ್ಟ ಬಾಗಿಲು. ಎಷ್ಟೋ ರಾತ್ರಿ ನಾನೂ ಅದರ ಮುಂದೆ ನಿಂತಿದ್ದೇನೆ.

ಒಳಗೆ ಹೋಗಲು ಮನಸ್ಸು ಒಪ್ಪಲಿಲ್ಲ. ರೊಸಾನಾ ಪ್ರೀತಿಸಿದ್ದು ಬ್ಲೇಕ್‌ನನ್ನು. ಅವಳ ಕಾಗದದ ಒಂದೊಂದು ಸಾಲೂ ಅದನ್ನೇ ಹೇಳುತ್ತದೆ. ಅವಳನ್ನು ಬದುಕಿಸಿ ಲೂಸಿಯ ಕೈಗೆ ಕೊಟ್ಟರೆ ಆ ಕಾಗದ ಸುಳ್ಳಾಗುತ್ತದೆ. ಕಾಗದ ಸುಳ್ಳಾದರೆ ಅದನ್ನು ಕಾಯ್ದ ಲೂಸಿಯ ವರ್ಷವೂ ಸುಳ್ಳಾಗುತ್ತದೆ. ಮೂಲ ಕೃತಿ ಬಾಯಿ ಬಿಟ್ಟು ಹೇಳಿದ್ದನ್ನು ನಾನು ಮುಟ್ಟುವುದಿಲ್ಲ. ಅದು ಸುಮ್ಮನಾದ ಕಡೆ ಮಾತ್ರ ನನ್ನ ಜಾಗ. ಕುವೆಂಪು ಅವರ ಮಂಥರೆಯನ್ನೇ ನೋಡಿ. ರಾಮ ಕಾಡಿಗೆ ಹೋಗುವುದು ಅಲ್ಲೂ ತಪ್ಪುವುದಿಲ್ಲ. ಆದರೆ ಅವಳ ಒಳಗಿನ ಮಮತೆ ನಮಗೆ ಕಾಣುತ್ತದೆ. ಓದಿದ ಮೇಲೆ ಅವಳನ್ನು ಮೊದಲಿನ ಹಾಗೆ ಬೈಯಲು ಆಗುವುದಿಲ್ಲ. ನನಗೆ ಆ ದಾರಿಯೇ ಬೇಕು.

ಕಾಗದ ಕೊಡುವ ದೃಶ್ಯದಲ್ಲಿ ಲೂಸಿ ಬ್ಲೇಕ್‌ನನ್ನು ಬೆಳಕಿಗೆ ನಿಲ್ಲಿಸಿ ಮುಖ ದಿಟ್ಟಿಸುತ್ತಾಳೆ. ಇವನಲ್ಲಿ ರೊಸಾನಾ ಏನು ಕಂಡಳೋ ನನಗೆ ತಿಳಿಯದು ಅನ್ನುತ್ತಾಳೆ. ಅಲ್ಲಿಗೆ ಮೂಲದಲ್ಲಿ ಅವಳ ಕೆಲಸ ಮುಗಿಯಿತು. ಆಮೇಲೆ ಅವಳು ಎಲ್ಲಿಗೆ ಹೋದಳು?

ಲಂಡನ್ನಿಗೆ ಹೋಗಿ ಹೊಲಿಗೆ ಮಾಡಲಿ ಅಂದರೆ ಚರಿತ್ರೆ ಹೆದರಿಸುತ್ತದೆ. ಹೆನ್ರಿ ಮೇಹ್ಯೂ 1849ರಿಂದ ಪತ್ರಿಕೆಯಲ್ಲಿ ಬರೆದ ವರದಿಗಳಲ್ಲಿ ಹೊಲಿಗೆಯ ಹೆಂಗಸರ ಕಥೆ ಇದೆ. ಒಂದು ಶರ್ಟಿಗೆ ಕೆಲವೇ ಪೆನ್ನಿ. ದಾರ, ಮೇಣದ ಬತ್ತಿ ಅವರದೇ ಖರ್ಚು. ಅಷ್ಟರಲ್ಲಿ ಲೂಸಿ ಸುಖವಾಗಿದ್ದಳು ಅಂತ ಬರೆದರೆ ನಾನು ಓದುಗರಿಗೆ ಸುಳ್ಳು ಹೇಳಿದ ಹಾಗೆ. ಇಲ್ಲೇ ಕಥೆ ಕಚ್ಚಿಕೊಂಡಿತ್ತು.

ಇವತ್ತು ಬೆಳಿಗ್ಗೆ ಟಿಪ್ಪಣಿ ತಿರುವುತ್ತಿದ್ದಾಗ ಹೊಳೆದದ್ದು ಅವಳ ಅಕ್ಷರ. 1859ರಲ್ಲಿ ಲಂಡನ್ನಿನಲ್ಲಿ ಹೆಂಗಸರಿಗೆ ಕೆಲಸ ದೊರಕಿಸಲು ಒಂದು ಸಂಘ ಹುಟ್ಟಿತು. ಅದರ ಜೊತೆಗಿದ್ದ ಮರಿಯಾ ರೈ, ವಕೀಲರ ಕಚೇರಿಗಳಿರುವ ಲಿಂಕನ್ಸ್ ಇನ್ ಹತ್ತಿರ ಪೋರ್ಚುಗಲ್ ಸ್ಟ್ರೀಟಿನಲ್ಲಿ ಹೆಂಗಸರೇ ಕೋರ್ಟು ಕಾಗದಗಳ ನಕಲು ಬರೆಯುವ ಕಚೇರಿ ತೆರೆದರು. ಟೈಪ್‌ರೈಟರ್ ಇಲ್ಲದ ಕಾಲ. ಕರಾರು, ಉಯಿಲು, ಹೇಳಿಕೆ ಎಲ್ಲವನ್ನೂ ಕೈಯಲ್ಲೇ ಬರೆಯಬೇಕು. ಕೂಲಿಯ ಲೆಕ್ಕ ಫೋಲಿಯೊ ಮೇಲೆ, ಸಾಮಾನ್ಯವಾಗಿ 72 ಪದಕ್ಕೆ ಒಂದು ಫೋಲಿಯೊ. ಆ ಹೊತ್ತಿಗೆ ನನ್ನ ಲೂಸಿಗೆ ಮೂವತ್ತು ದಾಟಿದೆ. ಕೂತು ಮಾಡುವ ಕೆಲಸ, ಅಕ್ಷರ ಚೆಂದ ಇದ್ದರೆ ಸಾಕು, ಕಾಲಿನ ಮಾತೇ ಬರುವುದಿಲ್ಲ.

ಒಂದು ಅಡ್ಡಿ ಇದೆ. ಆ ಕಚೇರಿ ಮಧ್ಯಮ ವರ್ಗದ ಹೆಣ್ಣುಮಕ್ಕಳನ್ನು ಮನಸ್ಸಲ್ಲಿಟ್ಟು ತೆರೆದದ್ದು. ಬೆಸ್ತರ ಮಗಳನ್ನು ಸುಲಭವಾಗಿ ಸೇರಿಸುತ್ತಿರಲಿಲ್ಲ. ಯಾರಾದರೂ ಶಿಫಾರಸು ಮಾಡಬೇಕು. ಬೆಟರೆಡ್ಜ್‌ನ ಮಗಳು ಪೆನೆಲೊಪಿ ಮಾಡುತ್ತಾಳೆ. ಮೂಲದಲ್ಲಿ ರೊಸಾನಾಳ ಮನಸ್ಸು ಅರ್ಥ ಮಾಡಿಕೊಂಡವಳು ಅವಳು. ಆದರೆ ದೊಡ್ಡ ಮನೆಯವರ ಹತ್ತಿರ ಏನನ್ನೂ ಬೇಡದ ಲೂಸಿ ಕೇಳಬೇಕಲ್ಲ. ಆ ಕೇಳುವ ಕಾಗದವೇ ಒಂದು ಇಡೀ ಅಧ್ಯಾಯ ಆಗುತ್ತದೆ.

ಕಚೇರಿಯಲ್ಲಿ ಅವಳ ಪಕ್ಕದ ಮೇಜಿಗೆ ಒಬ್ಬಳನ್ನು ಕೂರಿಸಿದ್ದೇನೆ. ಹೆಸರು ಹ್ಯಾನಾ. ಬ್ರಾಡ್‌ಫರ್ಡ್‌ನವಳು, ಸ್ವಲ್ಪ ಕಾಲ ಶಾಲೆಯಲ್ಲಿ ಪಾಠ ಹೇಳಿದವಳು. ಅಪ್ಪ ಉಣ್ಣೆ ಬಾಚುವ ಕೆಲಸದವನು, 1848ರ ಗಲಾಟೆಯಲ್ಲಿ ಪೆಟ್ಟು ತಿಂದವನು. ಬಡವರು ಎದ್ದು ನಿಲ್ಲುವ ದಿನದ ಮಾತು ಅವಳಿಗೆ ಮನೆಮಾತು.

ನಕಲು ಮುಗಿದ ಮೇಲೆ ತಾಳೆ ನೋಡುವುದು ಇಬ್ಬರ ಕೆಲಸ. ಒಬ್ಬಳು ಮೂಲವನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬಳು ನಕಲಿನ ಮೇಲೆ ಕಣ್ಣಿಡಬೇಕು. ಒಂದು ದಿನ ಗ್ರೇಸ್ ಇನ್ ಕಡೆಯಿಂದ, ಬ್ರಫ್ ವಕೀಲರ ಕಚೇರಿಯ ದಪ್ಪ ಕಂತೆ ಬರುತ್ತದೆ. ಅದೇ ಹೇಳಿಕೆಗಳು. ಹ್ಯಾನಾ ಓದುತ್ತಾ ಹೋಗುತ್ತಾಳೆ. ಸಣಕಲು ಮೈ, ಊರುಗೋಲು, ಸಿಟ್ಟು ಎಂಬಲ್ಲಿಗೆ ಬರುತ್ತಾಳೆ. ಯಾರ ಬಗ್ಗೆ ಓದುತ್ತಿದ್ದೇನೆ ಅಂತ ಅವಳಿಗೆ ತಿಳಿಯುವಷ್ಟರಲ್ಲಿ ಅರ್ಧ ಓದಿಯಾಗಿದೆ. ಅವಳು ನಿಲ್ಲಿಸುತ್ತಾಳೆ. ಲೂಸಿ ನಿಲ್ಲಿಸಲು ಬಿಡುವುದಿಲ್ಲ. “ಓದು. ಕೊನೆವರೆಗೂ ಓದು. ನಾನಿಲ್ಲಿ ತಾಳೆ ನೋಡುತ್ತಿದ್ದೇನೆ” ಅನ್ನುತ್ತಾಳೆ.

ಇಬ್ಬರ ನಡುವಿನ ಪ್ರೀತಿ ಬಾಯಿಗೆ ಬರುವುದು ಆ ಸಂಜೆಯೇ. ಹ್ಯಾನಾ ಬರಿ ಹಾಳೆಯ ಕಟ್ಟನ್ನು ಲೂಸಿಯ ಕಡೆಗೆ ತಳ್ಳಿ, ಈ ಕಂತೆಯಲ್ಲಿ ಒಂದು ಹೇಳಿಕೆ ಕಡಿಮೆ ಇದೆ, ಬರೆ ಅನ್ನುತ್ತಾಳೆ. ನನ್ನ ಕಾದಂಬರಿಯ ಮೊದಲ ವಾಕ್ಯ ಇರುವುದು ಆ ಹಾಳೆಯ ಮೇಲೆ. ಈ ದೃಶ್ಯವನ್ನು ಶನಿವಾರದ ಹೊತ್ತಿಗೆ ತಂಗಿಗೆ ಕಳಿಸಬೇಕು. ರೊಸಾನಾ ಬದುಕಿಲ್ಲ ಅಂತ ಅವಳಿಗೆ ಬೇಜಾರಾಗುತ್ತದೆ, ಗೊತ್ತು. ಹ್ಯಾನಾನ ಒಪ್ಪುತ್ತಾಳಾ ನೋಡೋಣ.