ನೊವೆನಾ ಕರಪತ್ರ ಅಚ್ಚು ಹಾಕುವ ಮೊದಲು

ಮಡಿಕೇರಿಯ ಒಂದು ಮುದ್ರಣಾಲಯದಲ್ಲಿ ನಾನು ಡಿಟಿಪಿ ಮಾಡುತ್ತೇನೆ, ಕರಡೂ ತಿದ್ದುತ್ತೇನೆ. ಆಗಸ್ಟ್ ಬಂತೆಂದರೆ ಯೇಸುವಿನ ತಾಯಿ ಮರಿಯಮ್ಮನವರ ಜನ್ಮದಿನದ ನೊವೆನಾ, ಅಂದರೆ ಹಬ್ಬಕ್ಕೆ ಮುಂಚಿನ ಒಂಬತ್ತು ದಿನದ ಪ್ರಾರ್ಥನೆಯ, ಕರಪತ್ರಗಳ ಕೆಲಸ ಶುರುವಾಗುತ್ತದೆ. ಮಳೆಯ ತೇವಕ್ಕೆ ಕಾಗದ ಅಂಚಿನಲ್ಲಿ ಸುರುಳಿಯಾಗಿ ಯಂತ್ರಕ್ಕೆ ಸರಿಯಾಗಿ ಹೋಗದ ಕಾಲವದು. ಒಮ್ಮೆ ಅಚ್ಚಾದದ್ದನ್ನು ಮತ್ತೆ ಹಾಕುವ ಪಾಡು ಯಾರಿಗೂ ಬೇಡ.

ಕಳೆದ ವರ್ಷ ಚರ್ಚಿನ ಪಾಲನಾ ಸಮಿತಿಯ ಹಿರಿಯರೊಬ್ಬರು ತಂದ ಹಾಳೆಯಲ್ಲಿ ‘ಆಗಸ್ಟ್ 30ರಿಂದ ಸೆಪ್ಟೆಂಬರ್ 8ರವರೆಗೆ ನೊವೆನಾ, ಸಂಜೆ 5ಕ್ಕೆ’ ಎಂದಿತ್ತು.

“ಸಾರ್, ಇದು ಹತ್ತು ದಿನವಾಗುತ್ತದಲ್ಲ?” ಎಂದೆ.

ಅವರು ಬೆರಳು ಮಡಚಿ ಎಣಿಸಿದರು. “ಹೌದಮ್ಮಾ. ಎಂಟಕ್ಕೆ ಹಬ್ಬ, ಪೂಜೆ ಬೆಳಿಗ್ಗೆಯೇ. ನೊವೆನಾ ಏಳಕ್ಕೇ ಮುಗಿಯಬೇಕು.”

ಹಾಗೆಯೇ ಅಚ್ಚಾಗಿದ್ದರೆ ಹಬ್ಬದ ದಿನ ತೋಟದ ಕಾರ್ಮಿಕರ ಲೈನ್‌ಮನೆಗಳಿಂದ ಮಳೆಯಲ್ಲಿ ನಡೆದು ಬಂದವರು ಸಂಜೆ ಮುಚ್ಚಿದ ಬಾಗಿಲ ಮುಂದೆ ನಿಲ್ಲಬೇಕಾಗುತ್ತಿತ್ತು.

ಲ್ಯಾಟಿನ್‌ನಲ್ಲಿ ‘ನೊವೆಮ್’ ಎಂದರೆ ಒಂಬತ್ತು. ನಮ್ಮ ನವರಾತ್ರಿಯ ‘ನವ’ಕ್ಕೂ ಅದಕ್ಕೂ ಮೂಲ ಒಂದೇ. ಹಳೆಯ ರೋಮನ್ನರು ಸತ್ತವರಿಗಾಗಿ ಒಂಬತ್ತು ದಿನ ಶೋಕ ಆಚರಿಸುತ್ತಿದ್ದರು. ಪೋಪ್ ತೀರಿಕೊಂಡಾಗ ಇಂದಿಗೂ ಒಂಬತ್ತು ದಿನ ಬಲಿಪೂಜೆ (ಚರ್ಚಿನ ಮುಖ್ಯ ಆರಾಧನೆ) ನಡೆಯುತ್ತದೆ. ಆದರೆ ಹಬ್ಬದ ಮುಂಚಿನ ನೊವೆನಾಕ್ಕೆ ಕ್ರೈಸ್ತರು ಕೊಡುವ ಆಧಾರ ಬೈಬಲಿನ ‘ಪ್ರೇಷಿತರ ಕಾರ್ಯಕಲಾಪಗಳು’ ಭಾಗದ ಮೊದಲ ಅಧ್ಯಾಯ. ಈಸ್ಟರನ್ನು ಒಂದು ಎಂದು ಎಣಿಸಿದರೆ 40ನೇ ದಿನ ಯೇಸುವಿನ ಸ್ವರ್ಗಾರೋಹಣ, 50ನೇ ದಿನ ಪವಿತ್ರಾತ್ಮರ ಆಗಮನ. ನಡುವೆ ಉಳಿಯುವ ಒಂಬತ್ತು ದಿನ ಶಿಷ್ಯರು ಮರಿಯಮ್ಮನವರೊಂದಿಗೆ ಒಂದೇ ಮನಸ್ಸಿನಿಂದ ಪ್ರಾರ್ಥಿಸುತ್ತಾ ಕಾದರು. 1897ರಲ್ಲಿ ಪೋಪ್ ಹದಿಮೂರನೇ ಲಿಯೋ ಪವಿತ್ರಾತ್ಮರ ಹಬ್ಬಕ್ಕೆ ಮುನ್ನ ಎಲ್ಲ ಧರ್ಮಕೇಂದ್ರಗಳ (ಊರೂರಿನ ಕಥೋಲಿಕ ಸಮುದಾಯಗಳ) ಚರ್ಚುಗಳಲ್ಲಿ ನೊವೆನಾ ನಡೆಯಬೇಕೆಂದು ಆದೇಶಿಸಿದರು.

ಇದನ್ನು ತಿಳಿದರೆ ತಾರೀಖು ನೋಡುವುದು ಬಲು ಸುಲಭ. ಕಾಯುವುದು ಒಂಬತ್ತು ದಿನ, ಹತ್ತನೆಯದು ಹಬ್ಬ. ಕ್ರಿಸ್‌ಮಸ್ ನೊವೆನಾ ಡಿಸೆಂಬರ್ 16ರಿಂದ 24ರವರೆಗೆ ಇರುವುದೂ ಇದೇ ಲೆಕ್ಕದಲ್ಲಿ. ವಾರಕ್ಕೊಂದು ದಿನದಂತೆ ಒಂಬತ್ತು ವಾರ ನಡೆಸುವ ಪದ್ಧತಿಯೂ ಇರುವುದರಿಂದ ಯಾವ ಬಗೆಯದೆಂದು ಮೊದಲೇ ಕೇಳಿಕೊಳ್ಳುತ್ತೇನೆ.

ಅಚ್ಚಿನ ಕೆಲಸ ಕಲಿಯಲು ಬರುವ ಹುಡುಗಿಯರಿಗೆ ನಾನು ಹೇಳಿಕೊಡುವುದು ಇಷ್ಟು: ಯಾವ ಧರ್ಮದ ಕರಪತ್ರವೇ ಆಗಲಿ, ಆ ಆಚರಣೆ ಏನೆಂದು ತಂದವರನ್ನೇ ಕೇಳಿ. ಯಾರೂ ಬೇಸರಿಸುವುದಿಲ್ಲ, ಖುಷಿಯಿಂದ ಹೇಳುತ್ತಾರೆ. ನೊವೆನಾ ಆದರೆ ‘ಇಂತಹ ದಿನದಿಂದ ಇಂತಹ ದಿನದವರೆಗೆ’ ಎಂದು ಬಿಡದೆ ಒಂಬತ್ತು ಸಾಲು ಹಾಕಿ, ಒಂದೊಂದರ ಮುಂದೆಯೂ ತಾರೀಖು, ವಾರ, ವೇಳೆ ಬರೆಯಿರಿ. ಹಬ್ಬದ ಪೂಜೆಗೆ ಕೆಳಗೆ ಬೇರೆಯೇ ಚೌಕಟ್ಟು ಇರಲಿ.